ಸಂಧಾನದ ಚಾವಡಿಯಲ್ಲಿ ಸ್ತ್ರೀ

ನಮ್ಮ ಕುಡುಮಲಕುಂಟೆ ಸೇರಿದ ಗೌರಿಬಿದನೂರು ತಾಲ್ಲೂಕಿನಲ್ಲೇ ವಿದುರಾಶ್ವತ್ಥವೂ ಇದೆ. 1938ರ ಏಪ್ರಿಲ್ 25ರಂದು ಅಲ್ಲಿ ರಾಷ್ಟ್ರಧ್ವಜಕ್ಕಾಗಿ ನೆರೆದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಮಡಿದವರಲ್ಲಿ ಗೌರಮ್ಮನವರೂ ಒಬ್ಬರು. ಅನಂತರ ಸಂಧಾನ ನಡೆದು ಮೈಸೂರು ಕಾಂಗ್ರೆಸ್ಸಿಗೆ ಮನ್ನಣೆ ದೊರೆಯಿತು. ಆ ಒಪ್ಪಂದ ಚರಿತ್ರೆಯಲ್ಲಿ ಪಟೇಲ್-ಮಿರ್ಜಾ ಒಪ್ಪಂದವೆಂದು ಪ್ರಸಿದ್ಧ. ಹುತಾತ್ಮರ ಸಾಲಿನಲ್ಲಿ ದೊರೆತ ಎಡೆ ಹೆಂಗಸಿಗೆ ರಾಜಿಯ ಸಾಲಿನಲ್ಲಿ ದೊರೆಯಲಿಲ್ಲ. ತರಗತಿಯಲ್ಲಿ ಈ ಮಾತು ಬಂದಾಗಲೆಲ್ಲ ಹುಡುಗಿಯರು ತಲೆಯೆತ್ತಿ ನನ್ನನ್ನು ನೋಡುತ್ತಾರೆ.

ಲೋಕದ ರೀತಿಯೂ ಬಹುಕಾಲ ಹೀಗೆಯೇ ಇತ್ತು. 1953ರಲ್ಲಿ ವಿಜಯಲಕ್ಷ್ಮಿ ಪಂಡಿತರು ವಿಶ್ವಸಂಸ್ಥೆಯ ಮಹಾಸಭೆಯ ಅಧ್ಯಕ್ಷಪೀಠವೇರಿದ ಮೊದಲ ಮಹಿಳೆಯಾದರು. ಆದರೂ ಶಾಂತಿಸಂಧಾನದಲ್ಲಿ ಸ್ತ್ರೀಯರಿಗೆ ಪಾಲಿರಬೇಕೆಂದು ಭದ್ರತಾ ಮಂಡಳಿ ತನ್ನ 1325ನೆಯ ನಿರ್ಣಯದಲ್ಲಿ ಸಾರಲು 2000ದ ಅಕ್ಟೋಬರ್ ಬರಬೇಕಾಯಿತು. 2007ರಲ್ಲಿ ನಮ್ಮ ಕೇಂದ್ರ ಮೀಸಲು ಪೊಲೀಸ್ ಪಡೆಯ ಮಹಿಳೆಯರು ಲೈಬೀರಿಯಕ್ಕೆ ಹೋದರು. ವಿಶ್ವಸಂಸ್ಥೆಯ ಶಾಂತಿಪಾಲನೆಯಲ್ಲಿ ಹೆಂಗಸರದೇ ಆದ ಪೊಲೀಸ್ ತುಕಡಿ ಅದೇ ಮೊದಲು. ಬಂದೂಕು ಕೊಟ್ಟು ಕಾವಲಿಗೆ ನಿಲ್ಲಿಸಿದವರು ಕರಾರು ಬರೆಯುವಾಗ ಮಾತ್ರ ಏಕೆ ಹಿಂಜರಿಯುತ್ತಾರೋ!

ದೂರದ ಮಾತೇಕೆ? ಗ್ರಾಮ ಪಂಚಾಯಿತಿಯಲ್ಲಿ ಅರ್ಧ ಸ್ಥಾನ ಇಂದು ಹೆಂಗಸರದು. ಊರಜಗಳ ರಾಜಿಗೆ ಬಂದಾಗ ಸದಸ್ಯೆಯ ಬದಲು ಅವಳ ಗಂಡ ಬಂದು ಕುಳಿತರೆ, ಅವನನ್ನು ಅಲ್ಲಿಂದ ಎಬ್ಬಿಸಬೇಕು.