ಕೆಂಪು ಕೆಸರೂ ಒಂದು ಹಿಡಿ ಇದ್ದಿಲೂ

ಬಾಕ್ಸೈಟ್ ಅದಿರಿನಿಂದ ಅಲ್ಯುಮಿನ ತೆಗೆದ ಮೇಲೆ ಉಳಿಯುವ ಕೆಂಪು ಕೆಸರು ಕೈಗಾರಿಕೆಗೆ ಬಲು ದೊಡ್ಡ ತಲೆನೋವಾಗಿ ಪರಿಣಮಿಸಿದೆ. ಒಂದು ಟನ್ ಅಲ್ಯುಮಿನಕ್ಕೆ ಸುಮಾರು ಒಂದರಿಂದ ಒಂದೂವರೆ ಟನ್ ಕೆಸರು! 2010ರ ಅಕ್ಟೋಬರ್ 4ರಂದು ಹಂಗೆರಿಯ ಆಯ್ಕಾದಲ್ಲಿ ಇಂಥ ಕೆಸರಿನ ಕಟ್ಟೆ ಒಡೆದು 10 ಮಂದಿ ಅಸುನೀಗಿದರು. ಬರಿಯ ನೆರೆಯಲ್ಲ, ಮೈ ಸುಡುವ ಕ್ಷಾರದ ನೆರೆ. 2019ರ ಏಪ್ರಿಲಿನಲ್ಲಿ ಝಾರ್ಖಂಡದ ಮುರಿಯಲ್ಲೂ ಕೆಸರಿನ ರಾಶಿ ಕುಸಿಯಿತು. ನೆರೆಯ ಕರ್ನಾಟಕದ ಬೆಳಗಾವಿಯಲ್ಲೂ ಅಲ್ಯುಮಿನ ಕಾರ್ಖಾನೆಯಿದೆ.

ಈ ಕೆಸರಿನಲ್ಲಿ ಸಾಮಾನ್ಯವಾಗಿ ಹೆಚ್ಚಾಗಿರುವುದು ಕಬ್ಬಿಣದ ಆಕ್ಸೈಡ್. ಮೈಕ್ರೋವೇವ್‌ನಿಂದ ಕಾಯಿಸಿ ಅದನ್ನು ಬೇರ್ಪಡಿಸಬಹುದೆಂದು ಹಲವು ದೇಶಗಳ ಪ್ರಯೋಗಶಾಲೆಗಳು ತೋರಿಸಿವೆ. ಆದರೆ ಗುಟ್ಟಿರುವುದು ಒಲೆಯಲ್ಲಲ್ಲ, ಬೆರಕೆಯಲ್ಲಿ. ಅಡುಗೆಮನೆಯ ಮೈಕ್ರೋವೇವ್‌ನಲ್ಲಿ ಅನ್ನ ಕುದಿಬಿಸಿಯಾದರೂ ಪಿಂಗಾಣಿ ಬಟ್ಟಲು ತಾನಾಗಿ ಅಷ್ಟು ಕಾಯುವುದಿಲ್ಲವಷ್ಟೆ? ಕೆಸರಿನಲ್ಲಿರುವ ಅಲ್ಯುಮಿನ, ಸಿಲಿಕಾಗಳೂ ಆ ಬಟ್ಟಲಿನ ಜಾತಿಯವೇ. ಅಲೆಗಳನ್ನು ಹಾಗೆಯೇ ದಾಟಿಸಿಬಿಡುತ್ತವೆ. ಕೆಂಪು ಕಬ್ಬಿಣದ ಆಕ್ಸೈಡೂ ಮೊದಮೊದಲು ಮಂದವೇ. ಇದ್ದಿಲಿನ ಪುಡಿ ಬೆರೆಸಿದರೆ ಅದು ಅಲೆಗಳನ್ನು ಹೀರಿ ಥಟ್ಟನೆ ಕಾದು ಸುತ್ತಲ ಕೆಸರನ್ನೂ ಕಾಯಿಸುತ್ತದೆ. ಅಷ್ಟೇ ಅಲ್ಲ, ಆಕ್ಸೈಡಿನಿಂದ ಆಮ್ಲಜನಕವನ್ನು ಕಿತ್ತುಕೊಂಡು ಅದನ್ನು ಕರಿಯ ಮ್ಯಾಗ್ನೆಟೈಟ್ ಮಾಡುತ್ತದೆ. ಮ್ಯಾಗ್ನೆಟೈಟನ್ನು ಅಯಸ್ಕಾಂತ ಸೆಳೆಯುತ್ತದೆ. ಅಲೆಗಳನ್ನು ಅದು ತಾನೂ ಚೆನ್ನಾಗಿ ಹೀರುವುದರಿಂದ ಕೆಲಸ ಮತ್ತಷ್ಟು ಬಿರುಸಾಗುತ್ತದೆ.

ಉಪ್ಪು ಹಾಕುವ ಲೆಕ್ಕವೇ ಇಲ್ಲಿಯೂ. ಇದ್ದಿಲು ಕಡಿಮೆಯಾದರೆ ಕೆಸರು ಕಾಯದು. ಇದ್ದಿಲೂ ಕಾವೂ ಮಿತಿಮೀರಿದರೆ ಮ್ಯಾಗ್ನೆಟೈಟ್ ಇನ್ನೂ ಆಮ್ಲಜನಕ ಕಳೆದುಕೊಂಡು ಅಯಸ್ಕಾಂತಕ್ಕೆ ಸಿಗದ ಇನ್ನೊಂದು ಆಕ್ಸೈಡ್ ಆಗಿಬಿಡುತ್ತದೆ. ಬೆರಕೆ ಸಮನಾಗಿರದಿದ್ದರೆ ಒಂದು ಕಡೆ ಕರಗಿ ಗಟ್ಟಿ, ಇನ್ನೊಂದು ಕಡೆ ಹಸಿ. ಕಣಗಳೋ ಹಿಟ್ಟಿಗಿಂತ ನಯ. ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಅಯಸ್ಕಾಂತಕ್ಕೆ ಬರುವ ಕಬ್ಬಿಣದ ಜೊತೆ ಬೇಡದ್ದೂ ಬರುತ್ತದೆ. ಒದ್ದೆ ಕೆಸರನ್ನು ಹಾಗೆಯೇ ಒಲೆಗಿಟ್ಟರೆ ದುಬಾರಿ ವಿದ್ಯುತ್ತೆಲ್ಲ ನೀರು ಆರಿಸುವುದಕ್ಕೇ ಖರ್ಚು. ಬಿಸಿಲಿರುವ ನಮ್ಮ ದೇಶದಲ್ಲಿ ಮೊದಲು ಒಣಗಿಸಿಕೊಳ್ಳುವುದು ವಿಹಿತ. ಇದ್ದಿಲು ಉರಿದಾಗ ಹೊಗೆಗೂಡಿನಿಂದ ಹೊರಬೀಳುವ ಇಂಗಾಲಾನಿಲದ ಬಾಬ್ತು ಬೇರೆ.

ಈ ವಿಚಾರ ನಮಗೇಕೆಂದು ಕೇಳಬಹುದು. ನಮ್ಮ ಜಿಲ್ಲೆಯ ನೀಲೇಶ್ವರ, ಕಾಞಂಗಾಡ್ ಕಡೆಯ ಮುರಕಲ್ಲಿನ ನೆಲದಲ್ಲೂ ಬಾಕ್ಸೈಟ್ ಇದೆ. ಅದಿರು ಎಲ್ಲಿಯದಾದರೂ ಕೆಸರು ಕಾರ್ಖಾನೆಯ ಮಗ್ಗುಲಿನ ಊರಿನ ಪಾಲು. ತ್ಯಾಜ್ಯದಿಂದ ಸಂಪತ್ತು ಎಂಬ ಘೋಷಣೆಯೊಡನೆ ಯಾರಾದರೂ ಬಂದರೆ ಬೆರಕೆಯ ಪ್ರಮಾಣವೆಷ್ಟು, ಟನ್ನಿಗೆ ವಿದ್ಯುತ್ತೆಷ್ಟು ಎಂದು ಪಂಚಾಯತಿನವರು ಕೇಳಿಯೇ ತೀರಬೇಕು. ಕಬ್ಬಿಣ ತೆಗೆದ ಮೇಲೂ ರಾಶಿಯ ದೊಡ್ಡ ಭಾಗ ಉಳಿಯುತ್ತದೆ. ಅದರಲ್ಲಿನ ಸೋಡಾವನ್ನು ಬೇರೆಯಾಗಿ ತೊಳೆದು ತೆಗೆಯದಿದ್ದರೆ ಅದಕ್ಕೂ ಕಟ್ಟೆ ಬೇಕು, ಕಾವಲೂ ಬೇಕು.