ತಲ್ಲೀನತೆಗೆ ಅಳತೆಗೋಲು

ದೇಹದ ಶ್ರಮವನ್ನು ಅಳೆಯುವ ಸಾಧನಗಳಿಗೆ ಇಂದು ಕೊರತೆಯಿಲ್ಲ. ಮುಂಗೈಯ ಗಡಿಯಾರವೇ ಹೆಜ್ಜೆಗಳನ್ನು ಎಣಿಸುತ್ತದೆ, ನಾಡಿಯ ಬಡಿತವನ್ನು ತಿಳಿಸುತ್ತದೆ. ಆದರೆ ಓಡುವವನು ಓಟದಲ್ಲಿಯೇ ಮೈಮರೆತು ಮುನ್ನಡೆಯುವ ಗಳಿಗೆಯನ್ನು ಅಳೆಯುವುದು ಹೇಗೆ?

ಈ ಸ್ಥಿತಿಯನ್ನು ಮನಶ್ಶಾಸ್ತ್ರದ ಅಧ್ಯಯನಕ್ಕೆ ತಂದವರು ಹಂಗೇರಿ ಮೂಲದ ಅಮೆರಿಕದ ವಿದ್ವಾಂಸರಾದ ಮಿಹಾಯಿ ಚಿಕ್‌ಸೆಂಟ್‌ಮಿಹಾಯಿ (1934–2021). ಹಣವಾಗಲಿ ಕೀರ್ತಿಯಾಗಲಿ ದೊರೆಯದಿದ್ದರೂ ಜನರು ಕೆಲವು ಕೆಲಸಗಳಲ್ಲಿ ಅಷ್ಟೊಂದು ಶ್ರಮಪಡುವುದೇಕೆ ಎಂಬುದು ಅವರ ಪ್ರಶ್ನೆ. ಬಂಡೆಯೇರುವವರು, ಚದುರಂಗದ ಆಟಗಾರರು, ನರ್ತಕರು ಮೊದಲಾದವರ ಅನುಭವವನ್ನು ಕೇಳಿ ತಿಳಿದು 1975ರಲ್ಲಿ ಅವರು ಗ್ರಂಥವೊಂದನ್ನು ಪ್ರಕಟಿಸಿದರು. ಅವರು ಈ ಅನುಭವಕ್ಕೆ ಇಟ್ಟ ಹೆಸರು 'ಫ್ಲೋ', ಅಂದರೆ ಹರಿವು. ನಾವು ಇದನ್ನು ತಲ್ಲೀನತೆ ಎನ್ನೋಣ.

ಇದನ್ನು ಅಳೆಯುವಲ್ಲಿ ಒಂದು ತೊಡಕುಂಟು. ತಲ್ಲೀನನಾದವನನ್ನು ತಡೆದು ಪ್ರಶ್ನಿಸಿದೊಡನೆ ಆ ತಲ್ಲೀನತೆಯೇ ಮುರಿಯುತ್ತದೆ. ಚಿಕ್‌ಸೆಂಟ್‌ಮಿಹಾಯಿಯವರು ಜನರಿಗೆ ಪೇಜರ್ ಕೊಟ್ಟು, ಅದು ಸದ್ದು ಮಾಡಿದಾಗಲೆಲ್ಲ ಆ ಕ್ಷಣದ ಕೆಲಸವನ್ನೂ ಮನಃಸ್ಥಿತಿಯನ್ನೂ ಬರೆಯಿಸಿದರು. ದಿನಚರಿಯ ಅಧ್ಯಯನಕ್ಕೆ ಇದು ಒಗ್ಗಿತು, ಈಜುವವನಿಗೆ ಒಗ್ಗುವುದೆಂತು?

ಆದುದರಿಂದ ಸೂಸನ್ ಜಾಕ್ಸನ್ ಮತ್ತು ಹರ್ಬರ್ಟ್ ಮಾರ್ಷ್ ಎಂಬ ಸಂಶೋಧಕರು 1996ರಲ್ಲಿ, ಆಟ ಅಥವಾ ವ್ಯಾಯಾಮ ಮುಗಿದ ಮೇಲೆ ಉತ್ತರಿಸುವ ಪ್ರಶ್ನಾವಳಿಯೊಂದನ್ನು ಮುಂದಿಟ್ಟರು. ಅದರಲ್ಲಿ 36 ಹೇಳಿಕೆಗಳು. 9 ಲಕ್ಷಣಗಳಿಗೆ ತಲಾ 4. ಪ್ರತಿಯೊಂದಕ್ಕೂ 1ರಿಂದ 5ರವರೆಗೆ ಅಂಕ. ಸವಾಲಿಗೂ ಸಾಮರ್ಥ್ಯಕ್ಕೂ ಸಮತೋಲ, ಕ್ರಿಯೆಯೊಡನೆ ಅರಿವಿನ ಐಕ್ಯ, ಸ್ಪಷ್ಟ ಗುರಿ, ಮಾಡುತ್ತಿರುವುದು ಸರಿಯೇ ಎಂಬುದರ ತತ್‌ಕ್ಷಣದ ಅರಿವು, ಏಕಾಗ್ರತೆ, ಹಿಡಿತದ ಭಾವ, ಪರರು ಏನೆಂದಾರೆಂಬ ಚಿಂತೆ ಅಳಿಯುವುದು, ಕಾಲದ ಪರಿವೆ ಬದಲಾಗುವುದು, ಮಾಡುವುದರಲ್ಲಿಯೇ ಆನಂದ: ಇವು ಆ ಒಂಬತ್ತು. 2002ರಲ್ಲಿ ಜಾಕ್ಸನ್ ಅವರು ರಾಬರ್ಟ್ ಎಕ್ಲಂಡ್ ಅವರೊಡನೆ ಇದನ್ನು ಪರಿಷ್ಕರಿಸಿದರು.

ಇಲ್ಲೊಂದು ಸ್ವಾರಸ್ಯವಿದೆ. 'ಹೊತ್ತು ಹೋದದ್ದೇ ತಿಳಿಯಲಿಲ್ಲ' ಎಂಬುದೇ ತಲ್ಲೀನತೆಯ ಮುಖ್ಯ ಗುರುತೆಂದು ನಾವು ಭಾವಿಸುತ್ತೇವೆ. ಆದರೆ ಅಂಕಗಳನ್ನು ಪರಿಶೀಲಿಸಿದಾಗ, ಕಾಲದ ಪರಿವೆಯ ಲಕ್ಷಣವು ಉಳಿದವುಗಳೊಡನೆ ಅಷ್ಟು ಬಿಗಿಯಾಗಿ ಹೊಂದಿಕೊಳ್ಳಲಿಲ್ಲ. ಹೊತ್ತನ್ನು ಗಮನಿಸುತ್ತಲೇ ಓಡುವವನೂ ತಲ್ಲೀನನಾಗಿರಬಹುದಲ್ಲವೇ?

ಈ ಅಳತೆಗೆ ಮಿತಿಗಳೂ ಇವೆ. ಅದು ನೆನಪಿನ ಸಾಕ್ಷ್ಯವೇ ಹೊರತು ಅನುಭವವಲ್ಲ. ಹೆಚ್ಚು ಅಂಕ ಬಂದಿತೆಂದರೆ ಹೃದಯಕ್ಕೆ ಸಾಕಷ್ಟು ವ್ಯಾಯಾಮವಾಯಿತೆಂದು ಅರ್ಥವಲ್ಲ. ಇದನ್ನು ಯೋಗಿಯ ಸಮಾಧಿಯೊಡನೆ ಸಮೀಕರಿಸುವ ಅವಸರವೂ ಸಲ್ಲದು.

ಹಾಗಾದರೆ ಗೃಹಸ್ಥರಿಗೆ ಇದರಿಂದ ಏನು ಪ್ರಯೋಜನ? ವಯಸ್ಕರು ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಪ್ರಮಾಣದ ದೇಹಶ್ರಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ವೈದ್ಯರ ಮಾತಿಗೆ ಕಟ್ಟುಬಿದ್ದು ನಡಿಗೆಯನ್ನು ಆರಂಭಿಸಿ, ತಿಂಗಳೊಳಗೆ ಕೈಬಿಡುವವರು ನಮ್ಮ ಮನೆಗಳಲ್ಲಿಯೇ ಇದ್ದಾರೆ. ಅವರನ್ನು ಸೋಮಾರಿಗಳೆಂದು ಹಳಿಯುವ ಮುನ್ನ ಆ ಒಂಬತ್ತರಲ್ಲಿ ಮೊದಲನೆಯದನ್ನು ವಿಚಾರಿಸಬೇಕು. ಸವಾಲು ಶಕ್ತಿಯನ್ನು ಮೀರಿದರೆ ಕಳವಳ; ಶಕ್ತಿಗಿಂತ ತೀರ ಕಡಿಮೆಯಾದರೆ ಬೇಸರ. ಮೊಮ್ಮಗನ ವೇಗ ಅಜ್ಜನಿಗೆ ತರವಲ್ಲ, ಅಜ್ಜನ ವೇಗ ಮೊಮ್ಮಗನಿಗೆ ರುಚಿಸದು.

ನಡೆದು ಬಂದವರನ್ನು ಎಷ್ಟು ದೂರ ನಡೆದಿರೆಂದು ಕೇಳುವುದು ನಮಗೆ ರೂಢಿ. ಮನಸ್ಸು ಅದರಲ್ಲಿ ನಿಂತಿತೇ ಎಂದೂ ಕೇಳೋಣ. 'ಇಲ್ಲ' ಎಂಬ ಉತ್ತರ ಬಂದರೆ ಬದಲಿಸಬೇಕಾದುದು ದಾರಿಯನ್ನು, ವೇಗವನ್ನು, ನಡಿಗೆಯನ್ನೇ ತೊರೆಯಬೇಕಾಗಿಲ್ಲ.