ಅಕ್ಷರ ಸರಿಯಿದ್ದರೆ ಸಾಲದು: ಕೂಟನಾಣ್ಯಗಳ ಪರೀಕ್ಷೆಯನ್ನು ಕುರಿತು

ಕನ್ನಡ ಸಂಶೋಧನೆಯಲ್ಲಿ 'ಕೂಟಶಾಸನ' ಎಂಬ ಪರಿಭಾಷೆ ಬಹುಕಾಲದಿಂದ ಬಳಕೆಯಲ್ಲಿದೆ. ಗಂಗರ ತಾಮ್ರಪಟಗಳ ವಿಷಯದಲ್ಲಿ ಫ್ಲೀಟ್ ಎತ್ತಿದ ಆಕ್ಷೇಪಗಳೂ ಅವುಗಳಿಗೆ ಬಿ.ಎಲ್. ರೈಸ್ ನೀಡಿದ ಸಮಾಧಾನಗಳೂ ಈ ಕ್ಷೇತ್ರದ ಅಭ್ಯಾಸಿಗಳಿಗೆ ಪರಿಚಿತವಾದವು. ತಾಮ್ರಪಟವೊಂದು ಕೈಗೆ ಬಂದೊಡನೆ ಲಿಪಿ, ಭಾಷೆ, ತಿಥಿವಾರಗಳ ಹೊಂದಾಣಿಕೆಯನ್ನು ಪರೀಕ್ಷಿಸುವ ಶಿಸ್ತು ಅಂತಹ ವಾಗ್ವಾದಗಳಿಂದ ಗಟ್ಟಿಗೊಂಡಿತು. ನಾಣ್ಯಗಳ ವಿಷಯದಲ್ಲಿ ಈ ಎಚ್ಚರ ಅಷ್ಟಾಗಿ ಕಾಣುವುದಿಲ್ಲ. ಖಾಸಗಿ ಸಂಗ್ರಹದ ನಾಣ್ಯವೊಂದರ ಬರಹವನ್ನು ಓದಿ, ಅದರಲ್ಲಿನ ಬಿರುದನ್ನು ಗುರುತಿಸಿ, ಅದರ ಮೇಲೆ ತೀರ್ಮಾನವೊಂದನ್ನು ಕಟ್ಟುವಾಗ 'ಈ ನಾಣ್ಯ ಅಸಲಿಯೇ?' ಎಂಬ ಪ್ರಶ್ನೆ ಏಳುವುದೇ ಅಪರೂಪ.

ಪ್ರಾಚೀನರು ಇಷ್ಟು ಉದಾಸೀನರಾಗಿರಲಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರ ನಾಣ್ಯಪರೀಕ್ಷಕನನ್ನು 'ರೂಪದರ್ಶಕ'ನೆಂದು ಕರೆದು, 'ಕೂಟರೂಪಕಾರಕ'ನನ್ನು ಪತ್ತೆಹಚ್ಚುವ ಬಗೆಯನ್ನೂ ಹೇಳುತ್ತದೆ. ಆದರೆ ಅಂದಿನ ಕೂಟನಾಣ್ಯಕ್ಕೂ ಇಂದಿನದಕ್ಕೂ ಒಂದು ಮೂಲಭೂತ ವ್ಯತ್ಯಾಸವಿದೆ. ಅಂದಿನದು ಚಲಾವಣೆಗಾಗಿ ಹುಟ್ಟಿದ್ದು. ಒಳ್ಳೆಯ ಲೋಹವನ್ನು ಕದ್ದು ಕೀಳುಲೋಹವನ್ನು ಬೆರೆಸುವುದರಲ್ಲಿಯೇ ಅದರ ಲಾಭವಿತ್ತು. ಹೀಗಾಗಿ ತಕ್ಕಡಿಯೂ ಒರೆಗಲ್ಲೂ ಅದನ್ನು ಹಿಡಿದುಕೊಡುತ್ತಿದ್ದವು. ಇಂದಿನದು ಸಂಗ್ರಾಹಕನಿಗಾಗಿ ಹುಟ್ಟುವಂಥದು. ಅವನು ತೆರುವ ಬೆಲೆ ಲೋಹದ ಬೆಲೆಗಿಂತ ಎಷ್ಟೋ ಪಟ್ಟು ಹೆಚ್ಚಾದ್ದರಿಂದ ನಕಲು ಮಾಡುವವನು ಶುದ್ಧ ಚಿನ್ನವನ್ನೇ, ಬೇಕಾದರೆ ಹಳೆಯ ಚಿನ್ನವನ್ನೇ ಬಳಸಬಲ್ಲ. ಆಗ ಒರೆಗಲ್ಲು ಸತ್ಯವನ್ನೇ ನುಡಿಯುತ್ತದೆ, ಆದರೆ ಕೇಳಿದ ಪ್ರಶ್ನೆಗೆ ಅದು ಉತ್ತರವಾಗುವುದಿಲ್ಲ.

ಹೊಯ್ಸಳ ವಿಷ್ಣುವರ್ಧನನ ಹೊನ್ನಿನ ನಾಣ್ಯಗಳನ್ನೇ ನಿದರ್ಶನಕ್ಕೆ ತೆಗೆದುಕೊಳ್ಳಬಹುದು. 1116ರ ಸುಮಾರಿನ ತಲಕಾಡಿನ ವಿಜಯವನ್ನು ಸ್ಮರಿಸುವ 'ಶ್ರೀ ತಳಕಾಡುಗೊಂಡ', ಹಾಗೆಯೇ 'ಶ್ರೀ ನೊಣಂಬವಾಡಿಗೊಂಡ' ಎಂಬ ಬರಹಗಳನ್ನು ಹೊತ್ತ ಇವು ಸುಮಾರು 4 ಗ್ರಾಂ ತೂಗುತ್ತವೆ. ಒಂದು ಮುಖದಲ್ಲಿ ಸಿಂಹ, ಇನ್ನೊಂದರಲ್ಲಿ ಕನ್ನಡ ಅಕ್ಷರಗಳ ಸಾಲುಗಳು. ರಾಜನ ಬಿರುದು ಕನ್ನಡದಲ್ಲಿಯೇ ಅಚ್ಚಾಗಿರುವುದರಿಂದ ಕನ್ನಡ ವಿದ್ವಾಂಸರಿಗೂ ಸಂಗ್ರಾಹಕರಿಗೂ ಇವುಗಳ ಮೇಲೆ ಸಹಜವಾದ ಮಮತೆ. ನಕಲಿಗನ ಕಣ್ಣು ಬೀಳುವುದೂ ಇಂತಹ ಮಮತೆಯ ಮೇಲೆಯೇ.

ನಕಲಿಗನು ಅಚ್ಚನ್ನು ತಾನೇ ಕೊರೆದಿದ್ದರೆ ಲಿಪಿಶಾಸ್ತ್ರ ಬಲ್ಲವನಿಗೆ ಕೆಲಸ ಸುಲಭ. ಹಳೆಯ ಶಾಸನಗಳಲ್ಲಿ 'ಶ್ರೀ'ಕಾರದ ದೀರ್ಘವನ್ನು ಗುಡಿಸಿನ ಒಳಸುರುಳಿಯಿಂದ ತೋರಿಸುವುದು ರೂಢಿ. ಅಕ್ಷರದ ಬಲಕ್ಕೆ ಪ್ರತ್ಯೇಕವಾಗಿ ನಿಲ್ಲುವ ಇಂದಿನ ದೀರ್ಘಚಿಹ್ನೆ ಈಚಿನದು. ಹನ್ನೆರಡನೆಯ ಶತಮಾನದ್ದೆನ್ನಲಾದ ಹೊನ್ನಿನ ಮೇಲೆ ಅಚ್ಚಿನ ಮೊಳೆಯ ದೀರ್ಘ ಕಂಡರೆ ಮುಂದಿನ ಪರೀಕ್ಷೆಯೇ ಬೇಡ. ಆದರೆ ಅಕ್ಷರದ ತಪ್ಪೆಲ್ಲವೂ ವಂಚನೆಯ ಗುರುತಲ್ಲ. ರೋಮನ್ ಚಿನ್ನದ ನಾಣ್ಯಗಳನ್ನು ದಕ್ಷಿಣ ಭಾರತದಲ್ಲಿ ಪ್ರಾಚೀನ ಕಾಲದಲ್ಲಿಯೇ ಅನುಕರಿಸಿದ ಮಾದರಿಗಳುಂಟು. ಅವುಗಳ ಲ್ಯಾಟಿನ್ ಬರಹ ಅರ್ಥವಿಲ್ಲದ ಗೀಟುಗಳಾಗಿದ್ದರೂ ಅವು ಚರಿತ್ರೆಗೆ ಅಮೂಲ್ಯವಾದ ಆಕರಗಳೇ ಆಗಿವೆ.

ಎರಕ ಹೊಯ್ದ ನಕಲಿಯೂ ಬೇಗ ಸಿಕ್ಕಿಬೀಳುತ್ತದೆ. ಭೂತಗನ್ನಡಿಯಡಿ ಅದರ ಮೈಮೇಲೆ ಗಾಳಿಗುಳ್ಳೆಯ ಸಣ್ಣ ಕುಳಿಗಳು, ಮೊಂಡಾದ ಅಕ್ಷರಗಳು, ಅಂಚಿನಲ್ಲಿ ಎರಕದ ಎರಡು ಭಾಗಗಳು ಕೂಡಿದ ಗೆರೆ ಅಥವಾ ಆ ಗೆರೆಯನ್ನು ಅರದಿಂದ ಉಜ್ಜಿದ ಗುರುತು ಕಾಣುತ್ತವೆ. ತಾಮ್ರದ ನಾಣ್ಯವಾದರೆ ರಾಸಾಯನಿಕದಿಂದ ಹತ್ತಿಸಿದ ಹಸಿರು ಕಿಲುಬು ಮೇಲ್ಪದರದಲ್ಲಷ್ಟೇ ನಿಂತಿರುತ್ತದೆ. ಚಿನ್ನಕ್ಕೆ ಕಿಲುಬು ಹಿಡಿಯುವುದಿಲ್ಲವಾದ್ದರಿಂದ ಅಲ್ಲಿ ಈ ನೆರವೂ ಇಲ್ಲ.

ನಿಜವಾದ ಕಷ್ಟ ಇರುವುದು ಮೂರನೆಯ ಬಗೆಯಲ್ಲಿ. ಅಸಲಿ ನಾಣ್ಯವೊಂದರಿಂದಲೇ ನೇರವಾಗಿ ಅಚ್ಚನ್ನು ತೆಗೆದು, ಆ ಅಚ್ಚಿನಿಂದ ಹೊಸ ಬಿಲ್ಲೆಗಳನ್ನು ಒತ್ತಿದಾಗ ಪ್ರತಿಯೊಂದು ಅಕ್ಷರವೂ ಹೊಯ್ಸಳರ ಕಮ್ಮಟದ ಅಕ್ಷರವೇ ಆಗಿರುತ್ತದೆ. ಇಲ್ಲಿ ಲಿಪಿಜ್ಞಾನ ರಕ್ಷಣೆಯಾಗುವುದಿಲ್ಲ. ವಿದ್ವಾಂಸನು ಅಕ್ಷರವನ್ನು ನೋಡಿ ನಿಶ್ಚಿಂತನಾಗುವುದರಿಂದ ಅದೇ ಅವನನ್ನು ಬಲೆಗೆ ಕೆಡವುತ್ತದೆ. ಇಂತಹ ನಕಲಿಯನ್ನು ತೋರಿಸಿಕೊಡುವುದು ಅದರ ಗುಣವಲ್ಲ, ಗಾಯ. ಅಸಲಿ ನಾಣ್ಯ ಕಮ್ಮಟದಿಂದ ಹೊರಟ ಮೇಲೆ ಅದಕ್ಕೆ ಬಿದ್ದ ಗೀರು, ಚಿನಿವಾರ ಹಾಕಿದ ಕಚ್ಚು, ಕೈಯಿಂದ ಕೈಗೆ ಸಾಗಿ ಸವೆದ ಮೂಲೆ ಎಲ್ಲವೂ ಅಚ್ಚಿಗೆ ಇಳಿದು, ಮುಂದಿನ ಪ್ರತಿ ಬಿಲ್ಲೆಯಲ್ಲಿಯೂ ಮರುಕಳಿಸುತ್ತವೆ. ಒಂದೇ ಅಚ್ಚಿನ ಎರಡು ಅಸಲಿ ನಾಣ್ಯಗಳಲ್ಲಿ ಅಕ್ಷರ ಒಂದೇ ಇರಬಹುದು. ಒಂದೇ ಗೀರು ಒಂದೇ ಜಾಗದಲ್ಲಿ ಎರಡಕ್ಕೂ ಬೀಳಲಾರದು. ಅಂದರೆ ಒಂದು ನಾಣ್ಯವನ್ನು ಎಷ್ಟು ದಿಟ್ಟಿಸಿದರೂ ಸಾಲದು. ಅದರ ಜೋಡಿಯನ್ನು ಕಂಡಾಗಲಷ್ಟೇ ಗುಟ್ಟು ಬಯಲಾಗುತ್ತದೆ.

ಯುರೋಪಿನಲ್ಲಿ ಇದಕ್ಕೊಂದು ಪ್ರಸಿದ್ಧ ಉದಾಹರಣೆಯುಂಟು. ಜರ್ಮನಿಯ ಕಾರ್ಲ್ ವಿಲ್ಹೆಲ್ಮ್ ಬೆಕರ್ (1772-1830) ಗ್ರೀಕ್, ರೋಮನ್ ನಾಣ್ಯಗಳ ನೂರಾರು ಅಚ್ಚುಗಳನ್ನು ಕೈಯಿಂದ ಕೊರೆದವನು. ಅಗ್ಗದ ಅಸಲಿ ನಾಣ್ಯಗಳ ಮೇಲೆಯೇ ಹೊಸ ಮುದ್ರೆ ಒತ್ತುತ್ತಿದ್ದುದರಿಂದ ಲೋಹದಲ್ಲಿ ದೋಷ ಹುಡುಕುವಂತಿರಲಿಲ್ಲ. ಹೊಸ ಹೊಳಪನ್ನು ಅಳಿಸಲು ಅವುಗಳನ್ನು ಕಬ್ಬಿಣದ ಪುಡಿಯ ಜೊತೆ ಪೆಟ್ಟಿಗೆಯಲ್ಲಿಟ್ಟು, ಕುದುರೆಗಾಡಿಗೆ ಕಟ್ಟಿ ಊರೆಲ್ಲ ಸುತ್ತಿಸುತ್ತಿದ್ದನಂತೆ! ಇಂದು ಅವನ ಕೃತಿಗಳನ್ನು ಗುರುತಿಸಲು ಸಾಧ್ಯವಾಗಿರುವುದು ಅವನ ಅಚ್ಚುಗಳು ಬರ್ಲಿನ್ನಿನ ವಸ್ತುಸಂಗ್ರಹಾಲಯದಲ್ಲಿ ಉಳಿದಿರುವುದರಿಂದ, ಅವುಗಳ ಪಟ್ಟಿಯನ್ನು ವಿದ್ವಾಂಸರು ಪ್ರಕಟಿಸಿರುವುದರಿಂದ.

ಕನ್ನಡ ನಾಡಿನ ಸಂಗ್ರಾಹಕ ಇದಕ್ಕೆ ವಿರುದ್ಧವಾಗಿ ನಡೆದುಕೊಳ್ಳುತ್ತಾನೆ. ಮೋಸಹೋದೆನೆಂದು ತಿಳಿದ ದಿನ ನಾಚಿಕೆಯಿಂದ ನಾಣ್ಯವನ್ನು ಕರಗಿಸುತ್ತಾನೆ. ಇಲ್ಲವೇ, ಇದು ಹೆಚ್ಚು ಹಾನಿಕರ, ಸುಮ್ಮನೆ ಮತ್ತೊಬ್ಬನಿಗೆ ದಾಟಿಸುತ್ತಾನೆ. ಎರಡರಿಂದಲೂ ಹೋಲಿಕೆಗೆ ಬೇಕಾದ ಸಾಕ್ಷಿ ಇಲ್ಲವಾಗುತ್ತದೆ.

ದೊರೆತ ಸ್ಥಳದ ಪ್ರಶ್ನೆ ಇನ್ನೂ ಜಟಿಲವಾದದ್ದು. 1947ರಲ್ಲಿ ವೀಲರ್ ಚಂದ್ರವಳ್ಳಿಯಲ್ಲಿ ಉತ್ಖನನ ನಡೆಸಿದಾಗ ದೊರೆತ ರೋಮನ್ ಚಕ್ರವರ್ತಿ ತಿಬೇರಿಯಸ್‌ನ ಬೆಳ್ಳಿ ನಾಣ್ಯವನ್ನು ಯಾರೂ ಶಂಕಿಸಬೇಕಾಗಿಲ್ಲ. ಅದು ಮಣ್ಣಿನ ಯಾವ ಪದರದ್ದೆಂಬುದು ದಾಖಲಾಗಿದೆ. ಸಂತೆಯಲ್ಲಿ ಕೊಂಡ ನಾಣ್ಯಕ್ಕೆ ಇರುವುದು 'ಹೊಲ ಉಳುವಾಗ ಸಿಕ್ಕಿತು' ಎಂಬ ಒಂದು ಸಾಲಿನ ಕಥೆ ಮಾತ್ರ. ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕೆಂಬ ಕಾನೂನು 1878ರಷ್ಟು ಹಿಂದಿನದು. ನಿಜವಾಗಿ ನಿಧಿ ಕಂಡ ರೈತ ಅದರ ಭಯದಿಂದ ಸ್ಥಳವನ್ನು ಮರೆಮಾಚುತ್ತಾನೆ. ನಕಲಿಗನಿಗೆ ಹೇಳಲು ಸ್ಥಳವೇ ಇಲ್ಲ. ಎರಡೂ ನಾಣ್ಯಗಳು ಒಂದೇ ಬಗೆಯ ಮೌನವನ್ನು ಹೊತ್ತು ಸಂಗ್ರಾಹಕನ ಬಳಿಗೆ ಬರುತ್ತವೆ.

ಆದ್ದರಿಂದ ದೊರೆತ ಸ್ಥಳವಾಗಲಿ, ಕೈಬದಲಿಸಿದ ಚರಿತ್ರೆಯಾಗಲಿ ತಿಳಿಯದ ನಾಣ್ಯವನ್ನು ಶಾಸನಗಳಿಂದ ಸಿದ್ಧವಾದ ಸಂಗತಿಗೆ ಪೂರಕವಾಗಿ ಬಳಸಬಹುದೇ ಹೊರತು, ಹೊಸ ಬಿರುದಿಗೋ ಹೊಸ ಅರಸನಿಗೋ ಏಕೈಕ ಆಧಾರವನ್ನಾಗಿ ಮಾಡಬಾರದು. ಬರಹದ ಓದಿನ ಜೊತೆಗೆ ತೂಕ, ವ್ಯಾಸ, ಎರಡೂ ಮುಖಗಳ ಹಾಗೂ ಅಂಚಿನ ಛಾಯಾಚಿತ್ರಗಳಿಲ್ಲದ ಲೇಖನವನ್ನು ಸಂಶೋಧನ ಪತ್ರಿಕೆಗಳು ಹಿಂದಿರುಗಿಸುವುದೇ ಲೇಸು. ತಾಳೆಗರಿಗಳನ್ನು ಕಾಪಾಡಿಕೊಂಡು ಬಂದ ಕನ್ನಡ ವಿಭಾಗಗಳು ಕೂಟನಾಣ್ಯಗಳಿಗೂ ಒಂದು ಅರೆಯನ್ನು ಮೀಸಲಿಡಬಹುದು. ಸಂಗ್ರಾಹಕರು ತಮ್ಮ ಹೆಸರನ್ನು ಬೇಕಾದರೆ ಮರೆಮಾಡಲಿ. ಕೊಂಡ ವರ್ಷ, ಕೊಟ್ಟ ಬೆಲೆ, ಮಾರಿದವನು ಹೇಳಿದ ಕಥೆ ಇಷ್ಟನ್ನು ಚೀಟಿಯಲ್ಲಿ ಬರೆದು ಮೋಸದ ನಾಣ್ಯವನ್ನು ಅಲ್ಲಿಗೆ ಒಪ್ಪಿಸಿದರೆ, ಅದೇ ಗೀರನ್ನು ಹೊತ್ತ ಎರಡನೆಯ ನಾಣ್ಯ ಬಂದ ದಿನ ಪಕ್ಕದಲ್ಲಿಟ್ಟು ನೋಡಲು ಒಂದಾದರೂ ಇರುತ್ತದೆ.